ಅತ್ತೆ ‘ಹೌದು’ ಅಂದ ದಿನ

ನಮ್ಮ ಅತ್ತೆ ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ‘ಹೌದು’ ಅಂದಿದ್ದಾಳೆ. ಆ ಒಂದು ‘ಹೌದು’ ಜೊತೆಗೇ ಅವಳ ಪ್ರಾಣವೂ ಹೋಗುವುದರಲ್ಲಿತ್ತು!

ಅತ್ತೆ ಎಂದ ಕೂಡಲೇ ಗಂಡನ ತಾಯಿ ಎಂದುಕೊಂಡು ಕುತೂಹಲದಿಂದ ಮುಂದೆ ಬಾಗಬೇಡಿ. ಇವಳು ನಮ್ಮಪ್ಪನ ಅಕ್ಕ. ಎಂಬತ್ತು ದಾಟಿದೆ ಎಂದು ನಾವು ಹೇಳುತ್ತೇವೆ, ಇಲ್ಲ ಎಂದು ಅವಳು ಹೇಳುತ್ತಾಳೆ. ‘ಹಾಗಾದರೆ ಎಪ್ಪತ್ತೈದೇ?’ ಎಂದರೆ ಅದಕ್ಕೂ ಇಲ್ಲ. ಮದುವೆಯಲ್ಲಾದರೂ ಹೌದು ಅಂದಿರಬೇಕಲ್ಲ ಎಂದು ನೀವು ಕೇಳಬಹುದು. ಆ ಕಾಲದ ಮದುವೆಯಲ್ಲಿ ಹುಡುಗಿಯನ್ನು ಯಾರು ಏನು ಕೇಳುತ್ತಿದ್ದರು? ಕೇಳಿದ್ದರೆ ಅವಳು ಇವತ್ತಿಗೂ ಗೌರಿಬಿದನೂರಿನ ಪಕ್ಕದ ನಮ್ಮ ಹಳ್ಳಿಯಲ್ಲೇ ಇರುತ್ತಿದ್ದಳು. ಕೇಳದೇ ಇದ್ದದ್ದರಿಂದ ಶಿಡ್ಲಘಟ್ಟದ ಹತ್ತಿರದ ಮೇಲೂರಿಗೆ ಸೊಸೆಯಾಗಿ ಹೋಗಿ, ರೇಷ್ಮೆ ಹುಳು ಸಾಕಿ, ಹುಳುಗಳ ಜೊತೆಗೂ ವಾದ ಮಾಡಿಕೊಂಡು ಬಂದಿದ್ದಾಳೆ. ಹುಳುಗಳು ತಿರುಗಿ ಮಾತಾಡುವುದಿಲ್ಲ ಎಂಬುದೊಂದೇ ಅವುಗಳ ಮೇಲೆ ಅವಳಿಗಿರುವ ಆಕ್ಷೇಪ.

ಅವಳ ತೂಕ ಹೆಚ್ಚೆಂದರೆ ಒಂದು ಚಂದ್ರಿಕೆಯಷ್ಟು. ಚಂದ್ರಿಕೆ ಎಂದರೆ ಹಣ್ಣಾದ ಹುಳುಗಳು ಗೂಡು ಕಟ್ಟಲಿ ಎಂದು ಬಿಡುವ ದೊಡ್ಡ ಬಿದಿರಿನ ತಟ್ಟೆ. ನೋಡಲು ಅಗಲ, ಎತ್ತಿದರೆ ಹಗುರ. ಅತ್ತೆಯೂ ಹಾಗೆಯೇ: ದನಿ ಅಗಲ, ದೇಹ ಹಗುರ. ಕನ್ನಡದಲ್ಲಿ ಶುರುವಾದ ಅವಳ ಮಾತು, ಕೋಪ ಬಂದ ಕೂಡಲೇ ಗಡಿ ದಾಟಿ ತೆಲುಗಿಗೆ ಹೋಗುತ್ತದೆ. ಯಾರು ಏನೇ ಹೇಳಲಿ, ಅವಳ ಮೊದಲ ಉತ್ತರ ಒಂದೇ: “ಎವುರು ಚೆಪ್ಪಿಂದಿ?” ಯಾರು ಹೇಳಿದ್ದು? ಬಿಸಿಲು ಜಾಸ್ತಿ ಅತ್ತೆ ಎಂದರೆ ಎವುರು ಚೆಪ್ಪಿಂದಿ. ಸೂರ್ಯನೇ ಹೇಳಿದ್ದು ಎಂದು ತೋರಿಸಿದರೂ, “ಅವನಿಗೇನು ಗೊತ್ತು, ಬೆಳಿಗ್ಗೆ ಬಂದವನು!”

ಒಮ್ಮೆ ಗೂಡು ಮಾರಲು ಮಗನ ಜೊತೆ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿದ್ದಳು. ನೂಲು ಬಿಚ್ಚುವ ಸಾಹೇಬರೊಬ್ಬರು ಒಂದು ಗೂಡನ್ನು ಎತ್ತಿ, ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, “ಮಾಲು ತುಂಬಾ ಚೆನ್ನಾಗೈತಮ್ಮಾ” ಎಂದರು.

“ಎವುರು ಚೆಪ್ಪಿಂದಿ? ಎಲ್ಲಿ ಚೆನ್ನಾಗೈತೆ? ಕಣ್ಣು ಬಿಟ್ಟು ನೋಡಪ್ಪ. ಇದು ಮೆತ್ತಗೈತೆ, ಇದು ಜೋಡಿ ಗೂಡು, ಇದರೊಳಗೆ ಹುಳುವೇ ಸತ್ತೈತೆ!”

ತನ್ನದೇ ಗೂಡು! ಸಾಹೇಬರು ಗಡ್ಡ ನೀವಿಕೊಂಡು, “ನೀವೇ ಹೇಳಿದ ಮೇಲೆ ಇನ್ನೇನು ತಾಯಿ” ಎಂದು ಆ ಲೆಕ್ಕಕ್ಕೇ ಬೆಲೆ ಕೂಗಿದರು. ಆಮೇಲಿನ ಸಲವೂ ಅವರೇ ಹುಡುಕಿಕೊಂಡು ಬಂದು, ದೂರದಿಂದಲೇ, “ಎಷ್ಟು ಒಳ್ಳೆ ಮಾಲಮ್ಮಾ!” ಎಂದು ಶುರುಮಾಡಿದಾಗ ನಮ್ಮ ಭಾವ, ಅಂದರೆ ಅತ್ತೆಯ ಮಗ, ತಾಯಿಯನ್ನು ಟೀ ಅಂಗಡಿಯಲ್ಲಿ ಕೂರಿಸಿ ಬಂದ. ಅಂದಿನಿಂದ ಅವಳಿಗೆ ಮಾರುಕಟ್ಟೆ ನಿಷೇಧ.

ಇಂಥವಳ ಜೊತೆ ಸಂಸಾರ ಮಾಡುವುದು ಹೇಗೆ? ಅದಕ್ಕೆ ಅವಳ ಸೊಸೆ, ನಮ್ಮ ಅಕ್ಕ, ಒಂದು ಉಪಾಯ ಕಂಡುಹಿಡಿದಳು. ಏನು ಆಗಬೇಕೋ ಅದರ ವಿರುದ್ಧ ಹೇಳುವುದು! “ಅತ್ತೆ, ಇವತ್ತು ಸ್ನಾನ ಬೇಡ ಬಿಡಿ” ಎಂದರೆ ಅತ್ತೆ ಬಚ್ಚಲಿಗೆ ಹೋದಳೆಂದೇ ಅರ್ಥ. “ಮಾತ್ರೆ ನುಂಗಬೇಡಿ, ಕಹಿ” ಎಂದರೆ ಮಾತ್ರೆ ಗಂಟಲಲ್ಲಿ. ನಾನು ಹಬ್ಬಕ್ಕೆ ಕರೆಯಲು ಫೋನ್ ಮಾಡಿದಾಗಲೂ, “ಬರಬೇಡತ್ತೆ, ಇಲ್ಲಿ ನೀರಿಲ್ಲ” ಎನ್ನುತ್ತೇನೆ. ಮರುದಿನದ ಮೊದಲ ಬಸ್ಸಿಗೆ ಅತ್ತೆ ಹಾಜರ್. ಈ ಉಲ್ಟಾ ಪದ್ಧತಿ ನಮ್ಮ ಮನೆತನದಲ್ಲಿ ಎಷ್ಟು ಬೇರೂರಿದೆಯೆಂದರೆ, ಹೊರಗಿನವರು ಕೇಳಿದರೆ ನಮಗೆ ಅವಳನ್ನು ಕಂಡರಾಗದು ಎಂದೇ ತಿಳಿಯಬೇಕು.

ನಮ್ಮಪ್ಪ ಮಾತ್ರ ಈ ಪದ್ಧತಿಗೆ ಸೇರಲಿಲ್ಲ. ಅವನು ತನ್ನ ಅಕ್ಕನ, ಅಂದರೆ ಈ ಅತ್ತೆಯ, ಜೊತೆ ನೇರವಾಗಿ ಜಗಳವಾಡುತ್ತಿದ್ದ, ಅದೂ ಒಂದೇ ವಿಷಯಕ್ಕೆ. ಇವರಿಬ್ಬರೂ ಚಿಕ್ಕವರಿದ್ದಾಗ ನಮ್ಮಜ್ಜಿ ಇಬ್ಬರನ್ನೂ ಕರೆದುಕೊಂಡು ವಿದುರಾಶ್ವತ್ಥಕ್ಕೆ ನಾಗರ ಕಲ್ಲಿಗೆ ಹಾಲೆರೆಯಲು ನಡೆದೇ ಹೋಗಿದ್ದಳಂತೆ. ವಾಪಸು ಬರುವಾಗ ಸುಡು ಬಿಸಿಲು, ಬರಿಗಾಲು. ಅಜ್ಜಿ ಒಬ್ಬರನ್ನು ಎತ್ತಿಕೊಂಡಳು, ಒಬ್ಬರನ್ನು ನಡೆಸಿದಳು. ಯಾರನ್ನು ಎತ್ತಿಕೊಂಡಳು? ಇದೇ ವ್ಯಾಜ್ಯ! “ನಾನು ಚಿಕ್ಕವನು, ನನ್ನನ್ನೇ ಎತ್ಕೊಂಡಿದ್ದು” ಎಂದು ಅಪ್ಪ. “ನನ್ನ ಕಾಲಿಗೆ ಮುಳ್ಳು ಚುಚ್ಚಿತ್ತು, ನನ್ನನ್ನೇ” ಎಂದು ಅತ್ತೆ. ಸಾಕ್ಷಿಗೆ ಬಲ ಹಿಮ್ಮಡಿ ಎತ್ತಿ ಒಂದು ಕಪ್ಪು ಗುರುತು ತೋರಿಸುತ್ತಾಳೆ. ಅಪ್ಪ ಅದನ್ನು ಮಚ್ಚೆ ಎನ್ನುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅವನ ಪಾಲಿಗೆ ಬಂದಿದ್ದ ಜಮೀನು ನನ್ನ ತಮ್ಮನಿಗೆ ಹೋಯಿತು, ಈ ವ್ಯಾಜ್ಯ ನನಗೆ ಬಂತು. ಗೌರಿಬಿದನೂರಿನ ಕಾಲೇಜಿನಲ್ಲಿ ಪಾಠ ಮಾಡುವ ನಾನು, ಮೇಲೂರಿಗೆ ಹೋದಾಗಲೆಲ್ಲ ಅಪ್ಪನ ಪರವಾಗಿ ಹಾಜರಾಗುತ್ತೇನೆ. ಇಲ್ಲದಿದ್ದರೆ ಅತ್ತೆಗೆ ಬೇಜಾರು.

ಹೀಗಿರುವಾಗ ಹೋದ ವರ್ಷ ಒಂದು ದಿನ, ಚಂದ್ರಿಕೆಗಳನ್ನು ಮನೆಯ ಮುಂದೆ ಒರಗಿಸುವ ಹೊತ್ತಿನಲ್ಲಿ, ನಮ್ಮ ಭಾವ ಗಡಿಬಿಡಿಯಲ್ಲಿ ಪದ್ಧತಿ ಮರೆತುಬಿಟ್ಟ. “ಅಮ್ಮಾ, ಚಂದ್ರಿಕೆ ಮುಟ್ಬೇಡ!” ಎಂದು ನೇರವಾಗಿ ಕೂಗಿದ. ಇನ್ನೇನು ಬೇಕು? ಅತ್ತೆ ಎತ್ತಿದಳು, ಗಾಳಿ ಬೀಸಿತು, ಅಗಲವಾದ ತಟ್ಟೆ ಹಾಯಿಯಂತೆ ಎಳೆಯಿತು, ಇಬ್ಬರೂ ಬಿದ್ದರು. ತಟ್ಟೆಗೆ ಏನೂ ಆಗಲಿಲ್ಲ. ಅತ್ತೆಯ ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು.

ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ ಮಾಡಿ ರಾಡು ಹಾಕಬೇಕು, ಇಲ್ಲದಿದ್ದರೆ ಮತ್ತೆ ಏಳುವುದಿಲ್ಲ ಎಂದರು ಮೂಳೆ ಡಾಕ್ಟರು. ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದು ಪರೀಕ್ಷೆ ಮಾಡಿದರು. ಚಿಂತಾಮಣಿ ಕಡೆಯವರು, ಕನ್ನಡದಲ್ಲಿ ಕೇಳಿ ತೆಲುಗಿನಲ್ಲಿ ಬೈಸಿಕೊಳ್ಳುವುದು ಅವರಿಗೆ ಹೊಸದಲ್ಲ.

“ಅಜ್ಜಿಗೆ ಎದೆ ವೀಕಿದೆ. ಪೂರ್ತಿ ಪ್ರಜ್ಞೆ ತಪ್ಪಿಸಲ್ಲ. ಬೆನ್ನಿಗೆ ಸೂಜಿ ಕೊಟ್ಟು ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸ್ತೀನಿ. ಎಚ್ಚರವಾಗೇ ಇರ್ತಾರೆ. ಆದರೆ ಈ ಸೂಜಿಯಿಂದ ಕೆಳಗಿನ ರಕ್ತನಾಳಗಳೆಲ್ಲ ಸಡಿಲ ಆಗಿ, ರಕ್ತ ಕಾಲಲ್ಲೇ ನಿಂತ್ಕೊಂಡು, ಬಿಪಿ ಬೀಳಬಹುದು. ಇಷ್ಟು ಸೊರಗಿದ ವಯಸ್ಸಾದವರಲ್ಲಿ ಅದು ಬೇಗ ಬೀಳುತ್ತೆ. ಒಂದೊಂದು ಕ್ಷಣಾನೂ ನೋಡ್ಕೋತಾ ಇರಬೇಕು. ರಾತ್ರಿ ಊಟ ಆದ ಮೇಲೆ ಏನೂ ತಿನ್ನಿಸಬೇಡಿ. ನೀರು ಮಾತ್ರ ಬೆಳಿಗ್ಗೆ ನಾನು ಹೇಳೋವರೆಗೂ ಸ್ವಲ್ಪ ಸ್ವಲ್ಪ ಕುಡೀಲಿ.”

ನಾವೆಲ್ಲ ತಲೆಯಾಡಿಸಿದೆವು. ಈಗ ಅತ್ತೆಗೆ ತಿನ್ನದಂತೆ ಹೇಳಬೇಕು. ಹೇಗೆ? ನಮ್ಮ ಪದ್ಧತಿ ಇದೆಯಲ್ಲ! “ಅತ್ತೆ, ಬೆಳಿಗ್ಗೆ ಇಡ್ಲಿ ತಿನ್ನಲೇಬೇಕಂತೆ, ನೀರೂ ಚೆನ್ನಾಗಿ ಕುಡೀಬೇಕಂತೆ” ಎಂದಳು ಅಕ್ಕ. “ತಿನ್ನಲ್ಲ ಹೋಗೇ!” ಎಂದಳು ಅತ್ತೆ. ಭಾವ ಬಂದು, “ಅಮ್ಮಾ, ತಿಂದ್ಬಿಡು” ಎಂದ. ನಾನೂ ಸುಮ್ಮನಿರಲಾರದೆ, “ನೀರಾದ್ರೂ ಕುಡಿಯತ್ತೆ” ಎಂದೆ. ಅದೊಂದನ್ನು ನಾನು ನಿಜವಾಗಿಯೇ ಹೇಳಿದ್ದೆ, ಆದರೆ ಅವಳಿಗೆ ಎಲ್ಲವೂ ಒಂದೇ. ಮುಚ್ಚಿದ ಬಾಯಿ ಮುಚ್ಚಿದ್ದೇ. ಎಷ್ಟು ಸಲೀಸಾಗಿ ಉಪವಾಸ ಮಾಡಿಸಿದೆವು ಎಂದು ನಾವು ಮೂವರೂ ಕಾರಿಡಾರಿನಲ್ಲಿ ನಿಂತು ಕಣ್ಣಲ್ಲೇ ಅಭಿನಂದಿಸಿಕೊಂಡೆವು. ನೀರನ್ನೂ ಆ ಕಂತೆಯಲ್ಲಿ ಕಟ್ಟಿಬಿಟ್ಟಿದ್ದೇವೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲಿ ಡಾಕ್ಟರಮ್ಮ, “ಇವರಿಗೆ ಕಿವಿ ಮಂದ. ನಮ್ಮ ಮಾತಿಗೆ ಉತ್ತರ ಕೊಡಲ್ಲ. ಮನೆಯವರು ಒಬ್ಬರು ಒಳಗೆ ಬಂದು ತಲೆ ಹತ್ತಿರ ಕೂತ್ಕೊಂಡ್ರೆ ಒಳ್ಳೇದು” ಎಂದರು. ಭಾವ ಹಸಿರು ಗೌನು ನೋಡಿಯೇ ಗೋಡೆ ಹಿಡಿದುಕೊಂಡ. ಅಕ್ಕ ಅವನನ್ನು ಹಿಡಿದುಕೊಂಡಳು. ಉಳಿದವಳು ನಾನೊಬ್ಬಳೇ.

ಒಳಗೆ ಮೊದಲ ತಕರಾರು ಬೆರಳಿಗೆ ಹಾಕುವ ಕ್ಲಿಪ್ಪಿನದು. “ನಾನೇನು ಒಣಗಾಕಿದ ಸೀರೆಯಾ?” ಎರಡನೆಯದು ತೋಳಿಗೆ ಸುತ್ತಿದ ಬಿಪಿ ಪಟ್ಟಿಯದು. ಅದು ಬುಸ್ಸೆಂದು ಊದಿಕೊಂಡು ಹಿಂಡುತ್ತಲೇ, “ಬಿಡ್ರಪ್ಪ, ನನ್ನ ಕೈ ಏನು ಕಬ್ಬಾ?” ಎಂದು ಕೈ ಬೀಸಿದಳು. ಯಂತ್ರ ಅಂಕಿ ಕೊಡಲಾರದೆ ಮತ್ತೆ ಊದಿಕೊಂಡಿತು.

ತೊಡೆಗೆ ಮೊದಲೇ ನೋವಿನ ಇಂಜೆಕ್ಷನ್ ಕೊಟ್ಟಿದ್ದರು. ಮೆಲ್ಲಗೆ ಮಗ್ಗುಲಿಗೆ ತಿರುಗಿಸಿದರು. ಬೆನ್ನಿನ ಮೂಳೆಗಳ ನಡುವೆ ಜಾಗ ಸಿಗಬೇಕಾದರೆ ಬೆನ್ನು ಬಾಗಬೇಕು. “ಅಜ್ಜಿ, ಬೆನ್ನು ಬಾಗಿಸಿ” ಎಂದರು ಡಾಕ್ಟರಮ್ಮ. ಅತ್ತೆ ದೀಪಸ್ತಂಭದಂತೆ ನೆಟ್ಟಗಾದಳು. “ಅಜ್ಜಿ, ಸ್ವಲ್ಪ ಬಾಗಿ.” ಇನ್ನೂ ನೆಟ್ಟಗೆ. ನಾನು ಅವಳ ಕಿವಿಯ ಹತ್ತಿರ ಬಾಯಿಟ್ಟು, “ಅತ್ತೆ, ಬಾಗಬೇಡ! ಹಿಂಗೇ ಸೆಟೆದುಕೊಂಡಿರು! ಈ ವಯಸ್ಸಲ್ಲಿ ನಿನ್ನ ಕೈಲಿ ಎಲ್ಲಿ ಬಾಗಕ್ಕಾಗುತ್ತೆ?” ಎಂದೆ.

“ಎವುರು ಚೆಪ್ಪಿಂದಿ?” ಎಂದವಳೇ, ಹಣ್ಣಾದ ಹುಳು ಸುತ್ತಿಕೊಳ್ಳುವಂತೆ ಬಾಗಿದಳು. ಸೂಜಿ ಒಳಗೆ ಹೋದದ್ದೇ ಅವಳಿಗೆ ತಿಳಿಯಲಿಲ್ಲ. ಡಾಕ್ಟರಮ್ಮ ಮುಖಗವುಸಿನ ಮೇಲಿನಿಂದ ನನ್ನನ್ನು ಒಂದು ಸಲ ನೋಡಿದರು. ನಾನು ಹೆಮ್ಮೆಯಿಂದ ಉಬ್ಬಿದೆ. ಆ ಹೆಮ್ಮೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

“ನೋಡಿ, ಅಜ್ಜಿ ಕೈ ಆಡಿಸ್ತಾನೇ ಇದ್ದಾರೆ, ಬಿಪಿ ಸರಿಯಾಗಿ ಸಿಗ್ತಾ ಇಲ್ಲ” ಎಂದರು ಅಂಗಾತ ಮಲಗಿಸಿದ ಮೇಲೆ. “ನಾಡಿ ನೋಡ್ತಾ ಇದೀನಿ. ನೀವು ಮಾತಾಡಿಸ್ತಾ ಇರಿ. ಮಾತು ತೊದಲಿದ್ರೆ, ನಿಧಾನ ಆದ್ರೆ, ಏನಾದ್ರೂ ಬೇರೆ ಥರ ಅನ್ನಿಸಿದ್ರೆ ತಕ್ಷಣ ಹೇಳಿ.”

ಅತ್ತೆಯನ್ನು ಮಾತಾಡಿಸಲು ಯಾವ ವಿಷಯ ಬೇಕು? ವ್ಯಾಜ್ಯ ಕೈಯಲ್ಲೇ ಇತ್ತು.

“ಅತ್ತೆ, ವಿದುರಾಶ್ವತ್ಥದಿಂದ ಬರುವಾಗ ಅಜ್ಜಿ ಎತ್ಕೊಂಡಿದ್ದು ನಮ್ಮಪ್ಪನ್ನೇ.”

“ಎವುರು ಚೆಪ್ಪಿಂದಿ? ನಿಮ್ಮಪ್ಪ ಬೆಲ್ಲ ತಿನ್ಕೊಂಡು ಜಿಂಕೆಮರಿ ಹಂಗೆ ನಡೀತಿದ್ದ ಕಣೇ. ಎತ್ಕೊಂಡಿದ್ದು ನನ್ನನ್ನ.”

“ನಿನ್ನನ್ನ ಎತ್ಕೊಳ್ಳೋಕೆ ಆಗುತ್ತಾ? ನೀನು ದೊಡ್ಡೋಳು.”

“ಮುಳ್ಳು ಚುಚ್ಚಿತ್ತು ಕಣೇ! ಇರು, ಗುರುತು ತೋರಿಸ್ತೀನಿ.” ಹಿಮ್ಮಡಿ ಎತ್ತಲು ಹೋದಳು. ಕಾಲು ಬರಲಿಲ್ಲ. ಅವಳ ಕಣ್ಣು ಒಂದು ಕ್ಷಣ ಅಗಲವಾಯಿತು. “ನನ್ನ ಕಾಲೆಲ್ಲೇ?”

“ಇಲ್ಲೇ ಇದೆ ಅತ್ತೆ, ಮಲಗಿದೆ.”

“ಯಾರನ್ನ ಕೇಳಿ ಮಲಗ್ತು?” ಎಂದು ಬೈದಳು. ಅವಳ ಎದೆಯ ಮೇಲೆ ಅಡ್ಡ ಕಟ್ಟಿದ್ದ ಬಟ್ಟೆಯ ಪರದೆಯ ಆಚೆ ಮೂಳೆ ಡಾಕ್ಟರರ ನಗು ಕೇಳಿಸಿತು. ಇನ್ನೂ ಕತ್ತಿ ಹಾಕಿರಲಿಲ್ಲ, ಕಾಲು ತೊಳೆಯುತ್ತಿದ್ದರು. ಬಿಪಿ ಪಟ್ಟಿ ಮತ್ತೊಮ್ಮೆ ಊದಿಕೊಂಡಿತು. ಅತ್ತೆ ಮತ್ತೊಮ್ಮೆ ಕೈ ಬೀಸಿದಳು. ನಾನು ವಾದ ಮುಂದುವರಿಸಿದೆ.

“ಅದು ಮುಳ್ಳಿನ ಗುರುತಲ್ಲತ್ತೆ, ಮಚ್ಚೆ. ಅಜ್ಜಿ ಎತ್ಕೊಂಡಿದ್ದು ನಮ್ಮಪ್ಪನ್ನೇ. ನಿನ್ನನ್ನ ನಡೆಸಿಕೊಂಡೇ ಬಂದಿದ್ದು.”

ಅತ್ತೆ ಚಾವಣಿ ನೋಡುತ್ತಿದ್ದಳು. ಬೀಸುತ್ತಿದ್ದ ಕೈ ಮೆಲ್ಲಗೆ ಹಾಸಿಗೆಯ ಮೇಲೆ ಇಳಿಯಿತು. ಬಹಳ ಮೃದುವಾಗಿ, ನಾನು ಎಂದೂ ಕೇಳಿರದ ಒಂದು ಸಣ್ಣ ದನಿಯಲ್ಲಿ, “ಹೌದು ಕಣೇ, ನಿಮ್ಮಪ್ಪನ್ನೇ ಎತ್ಕೊಂಡಿದ್ದು” ಎಂದಳು.

ಗೆದ್ದೆ! ಎರಡು ತಲೆಮಾರಿನ ವ್ಯಾಜ್ಯ ನಮ್ಮ ಪರವಾಗಿ ತೀರ್ಪಾಯಿತು! ಎಂದು ಕುಣಿಯಬೇಕಾಗಿದ್ದ ನಾನು ಕಿರುಚಿಕೊಂಡೆ.

“ಡಾಕ್ಟ್ರೇ! ಒಪ್ಕೊಂಡ್ಬಿಟ್ಲು!”

“ಏನು?”

“ನಮ್ಮತ್ತೆ ಒಪ್ಕೊಂಡ್ಬಿಟ್ಲು ಡಾಕ್ಟ್ರೇ! ಹೌದು ಅಂದ್ಬಿಟ್ಲು! ಅವಳು ಅನ್ನೋಳೇ ಅಲ್ಲ!”

ಬೇರೆ ಯಾರಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದರು. ಡಾಕ್ಟರಮ್ಮ ನಗಲಿಲ್ಲ. ಅವರ ಬೆರಳು ಆಗಲೇ ಅತ್ತೆಯ ಮಣಿಕಟ್ಟಿನ ಮೇಲಿತ್ತು. ಗುಂಡಿ ಒತ್ತಿದರು. ಪಟ್ಟಿ ಊದಿಕೊಂಡಿತು. ಈ ಸಲ ಕೈ ಆಡಲೇ ಇಲ್ಲ, ಯಂತ್ರಕ್ಕೆ ತಕರಾರೇ ಇರಲಿಲ್ಲ. ಯಂತ್ರದ ಮೇಲೆ ಬಂದ ಅಂಕಿಯನ್ನು ನೋಡಿ ನನಗೆ ಏನೂ ಅರ್ಥವಾಗಲಿಲ್ಲ. ಆದರೆ ಡಾಕ್ಟರಮ್ಮನ ಕಣ್ಣು ನೋಡಿ ಎಲ್ಲ ಅರ್ಥವಾಯಿತು. “ಶುರು ಮಾಡಬೇಡಿ ಸರ್, ಪ್ರೆಶರ್ ಬಿದ್ದಿದೆ” ಎಂದರು. ಆಚೆ ಕಡೆ ಕೈಗಳು ನಿಂತವು. ಡ್ರಿಪ್ಪನ್ನು ಪೂರ್ತಿ ಬಿಟ್ಟರು, ಮೂಗಿನ ಮೇಲೆ ಆಮ್ಲಜನಕ ಇಟ್ಟರು, ಸಿರಿಂಜಿನಲ್ಲಿ ಮೊದಲೇ ಸಿದ್ಧವಾಗಿದ್ದ ಔಷಧಿಯನ್ನು ನಳಿಕೆಗೆ ಏರಿಸಿದರು. ಸಿದ್ಧವಾಗಿಟ್ಟುಕೊಂಡಿದ್ದರು, ನೋಡಿ. ನಾನು ನಗಿಸುತ್ತಾ ಕೂತಿದ್ದ ಅಷ್ಟು ಹೊತ್ತೂ ಅವರು ಇದಕ್ಕೇ ಕಾಯುತ್ತಿದ್ದರು.

ಅತ್ತೆಯ ತುಟಿ ಬಿಳಿಚಿಕೊಂಡಿತ್ತು. “ಅತ್ತೆ” ಎಂದೆ. “ಹೂಂ” ಎಂದಳು. “ಅತ್ತೆ, ಅಕ್ಕ ಮಾಡೋ ಸಾರು ಚೆನ್ನಾಗಿರುತ್ತೆ ಅಲ್ವಾ?” “ಹೂಂ.” ಅಯ್ಯೋ ದೇವರೇ! “ನೀನು ಭಾಳ ಹಟಮಾರಿ ಅಲ್ವಾ ಅತ್ತೆ?” “ಹೂಂ ಕಣಮ್ಮ.” ಒಂದೊಂದು ‘ಹೂಂ’ ಕೂಡ ಅವಳು ಒಂದೊಂದು ಮೆಟ್ಟಿಲು ಇಳಿದಂತೆ ಕೇಳುತ್ತಿತ್ತು. ಈ ಮುದುಕಿಯ ಬಾಯಿಂದ ‘ಇಲ್ಲ’ ಎಂಬ ಒಂದು ಮಾತು ಬಂದರೆ ಸಾಕು, ಯಾವ ದೇವರಿಗೆ ಏನು ಬೇಕಾದರೂ ಒಪ್ಪಿಸುತ್ತೇನೆ ಎಂದುಕೊಂಡೆ. ಕಣ್ಣೀರು ಮುಖಗವುಸಿನೊಳಗೆ ಇಳಿದು ಉಪ್ಪುಪ್ಪಾಯಿತು.

ಪಟ್ಟಿ ಮತ್ತೆ ಊದಿಕೊಂಡಿತು. ಮತ್ತೆ. ಎಷ್ಟು ಸಲವೋ. ಕೊನೆಗೆ ಡಾಕ್ಟರಮ್ಮ ಬಗ್ಗಿ, ಗಟ್ಟಿಯಾಗಿ ಕೇಳಿದರು: “ಅಜ್ಜಿ, ಈಗ ಆರಾಮಾಗಿದೆ ಅಲ್ವಾ?”

ಅತ್ತೆ ಕಣ್ಣು ತಿರುಗಿಸಿದಳು. ಹುಬ್ಬು ಗಂಟಿಕ್ಕಿತು.

“ಎವುರು ಚೆಪ್ಪಿಂದಿ?”

ಅಷ್ಟೇ. ಅಷ್ಟು ಕೇಳಿ ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಡಾಕ್ಟರಮ್ಮ ಪರದೆಯ ಆಚೆಗೆ, “ಈಗ ಸರಿ ಇದೆ ಸರ್, ಶುರು ಮಾಡಬಹುದು” ಎಂದರು. ಪಟ್ಟಿ ಊದಿಕೊಂಡಾಗ ಅತ್ತೆ ಕೈ ಬೀಸಲು ಹೋದಳು. ಈ ಸಲ ನಾನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ಆಪರೇಷನ್ ಮುಗಿಯುವವರೆಗೆ ಅವಳು ನನಗೆ ಬೈದ ಬೈಗುಳ ಎರಡು ಭಾಷೆಯವು. ಒಂದೊಂದೂ ನನಗೆ ಮಂಗಳಾರತಿಯ ಗಂಟೆಯಂತೆ ಕೇಳಿಸಿತು!

ಹೊರಗೆ ಬಂದ ಮೇಲೆ ಡಾಕ್ಟರಮ್ಮ ನಮ್ಮನ್ನೆಲ್ಲ ನಿಲ್ಲಿಸಿ ಕೇಳಿದರು. “ನಾಲಿಗೆ ಅಷ್ಟು ಒಣಗಿತ್ತು. ಬೆಳಿಗ್ಗೆ ನಮ್ಮವರು ಕೇಳಿದ್ರೆ ನೀರು ಕುಡಿದಿದ್ದಾರೆ ಅಂದ್ರಂತೆ?”

“ಕುಡಿದ್ರಾ ಅಂತ ಕೇಳಲಿಲ್ಲ ಮೇಡಂ, ಕೊಟ್ರಾ ಅಂದ್ರು. ಕುಡೀರಿ ಕುಡೀರಿ ಅಂತ ಮೂರು ಜನವೂ ಹೇಳಿದ್ವಿ” ಎಂದಳು ಅಕ್ಕ.

“ಮತ್ತೆ ಕುಡೀಲಿಲ್ವಾ?”

“ಹೇಳಿದ್ವಲ್ಲ ಮೇಡಂ, ಅದಕ್ಕೇ ಕುಡೀಲಿಲ್ಲ.”

ಡಾಕ್ಟರಮ್ಮನಿಗೆ ಪದ್ಧತಿಯನ್ನು ಆದಿಯಿಂದ ಅಂತ್ಯದವರೆಗೆ ವಿವರಿಸಬೇಕಾಯಿತು. ಚಂದ್ರಿಕೆ, ಮಾತ್ರೆ, ಇಡ್ಲಿ, ಎಲ್ಲ. ಅವರು ಹಣೆಗೆ ಕೈ ಹಚ್ಚಿಕೊಂಡು ಕೇಳಿದರು. “ಪ್ರೆಶರ್ ಹೇಗೂ ಸ್ವಲ್ಪ ಬೀಳ್ತಿತ್ತೇನೋ. ಮೈಯಲ್ಲಿ ನೀರೇ ಇಲ್ದಿದ್ರೆ ಪಾತಾಳಕ್ಕೆ ಹೋಗುತ್ತೆ. ನಿಮ್ಮ ಮನೇಲಿ ನೇರವಾಗಿ ಮಾತಾಡೋರು ಒಬ್ರೂ ಇಲ್ವೇನ್ರಮ್ಮ?”

ಇದ್ದ ಒಬ್ಬ, ನಮ್ಮಪ್ಪ, ತೀರಿಕೊಂಡಿದ್ದಾನೆ ಎಂದು ಹೇಳೋಣವೆನ್ನಿಸಿತು.

ಅತ್ತೆ ಚೇತರಿಸಿಕೊಂಡಳು. “ವಾಕರ್ ಹಿಡಿಯಬೇಡಿ, ನಿಮ್ಮ ಕೈಲಾಗಲ್ಲ” ಎಂದು ಅಕ್ಕ ಹೇಳಿದ್ದರಿಂದ ವಾಕರ್ ಹಿಡಿದು ಮೇಲೂರಿನ ಬೀದಿಯುದ್ದ ಓಡಾಡುತ್ತಾಳೆ. ಆದರೆ ನಾನು ಚೇತರಿಸಿಕೊಂಡಿದ್ದೇನೆಯೇ? ಈಗಲೂ ಔಷಧಿ ಅಂಗಡಿಯಲ್ಲಿ ಬಿಪಿ ಪಟ್ಟಿ ಬುಸ್ ಎಂದರೆ ನಿಂತಲ್ಲೇ ನಿಲ್ಲುತ್ತೇನೆ. ತರಗತಿಯಲ್ಲಿ ಯಾವುದಾದರೂ ಹುಡುಗಿ ಮೃದುವಾಗಿ “ಹೌದು ಮೇಡಂ” ಎಂದರೆ ಪಾಠ ನಿಲ್ಲಿಸಿ ಅವಳ ತುಟಿಯ ಬಣ್ಣ ನೋಡುತ್ತೇನೆ. ಒಗ್ಗರಣೆ ಹಾಕುವಾಗ, ಬಸ್ಸಿನ ಕಿಟಕಿಯಲ್ಲಿ, ಆ ಸಣ್ಣ ದನಿ ಬರುತ್ತದೆ: ಹೌದು ಕಣೇ. ನಾನು ಆ ಗೆಲುವಿಗೆ ಒಂದು ಕ್ಷಣ ಹಿಗ್ಗಿ ಸುಮ್ಮನಿದ್ದುಬಿಟ್ಟಿದ್ದರೆ?

ಮೊನ್ನೆ ಚಿಕ್ಕಬಳ್ಳಾಪುರದ ದ್ರಾಕ್ಷಿ ಹಿಡಿದುಕೊಂಡು ಮೇಲೂರಿಗೆ ಹೋಗಿದ್ದೆ. ಅತ್ತೆ ಹುಳುಮನೆಯ ಜಗಲಿಯ ಮೇಲೆ ಕೂತು ದ್ರಾಕ್ಷಿ ಹುಳಿ ಎಂದು ದೂರುತ್ತಾ ಅರ್ಧ ಗೊಂಚಲು ಮುಗಿಸಿದಳು. ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು ಹದವಾಗಿ ಕೇಳುತ್ತಿತ್ತು.

“ಅತ್ತೆ, ಆಪರೇಷನ್ ದಿನ ನೀನು ನಮ್ಮಪ್ಪನ ಪರವಾಗಿ ಒಪ್ಕೊಂಡೆ, ಗೊತ್ತಾ?”

“ನಾನಾ? ಎವುರು ಚೆಪ್ಪಿಂದಿ? ಅವ್ವ ಎತ್ಕೊಂಡಿದ್ದು ನನ್ನನ್ನ. ನೋಡಿಲ್ಲಿ.” ವಾಕರ್ ಹಿಡಿದು, ಕಷ್ಟಪಟ್ಟು, ಬಲ ಹಿಮ್ಮಡಿ ಎತ್ತಿ ತೋರಿಸಿದಳು. ಒಡೆದ ಹಿಮ್ಮಡಿ. ನಡುವೆ ಕಪ್ಪು ಗುರುತು. ಈ ಕಾಲು ಮತ್ತೆ ಮೇಲೆದ್ದಿದೆಯಲ್ಲ ಎಂದು ನೋಡುತ್ತಾ ಕೂತೆ. ಅಪ್ಪ ಕ್ಷಮಿಸಲಿ, ಆ ಹೊತ್ತಿನಲ್ಲಿ ನನಗೆ ವಾದ ಬೇಕಾಗಿರಲಿಲ್ಲ.

“ಹೌದತ್ತೆ” ಎಂದೆ. “ನಿನ್ನನ್ನೇ ಎತ್ಕೊಂಡಿದ್ದು.”

ಅತ್ತೆಯ ಕಾಲು ಹಾಗೇ ಕೆಳಗಿಳಿಯಿತು. ದ್ರಾಕ್ಷಿ ಬಟ್ಟಲು ಪಕ್ಕಕ್ಕೆ ಸರಿಯಿತು. ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಜಗಲಿಯ ಮೇಲೆ ಸರಿದು ಸರಿದು ಹತ್ತಿರ ಬಂದು, ಗಬಕ್ಕನೆ ನನ್ನ ಮಣಿಕಟ್ಟು ಹಿಡಿದುಕೊಂಡಳು.

“ಯಾಕಮ್ಮ? ಏನಾಗ್ತಾ ಇದೆ ನಿಂಗೆ?” ಎಂದವಳೇ ಒಳಗೆ ತಿರುಗಿ, “ಲೇ, ನೀರು ತಾರೇ, ಬೇಗ! ಈ ಹುಡುಗಿ ಹೌದು ಅಂತಾಳೆ!” ಎಂದು ಕೂಗಿದಳು.

ಅಕ್ಕ ಚೊಂಬು ಹಿಡಿದು ಓಡಿ ಬಂದಳು. “ಕುಡಿ” ಎಂದಳು ಅತ್ತೆ. ಉಲ್ಟಾ ಅಲ್ಲ, ಸುತ್ತಿಲ್ಲ, ಬಳಸಿಲ್ಲ. ಕುಡಿದೆ. ಕೊನೆಯ ಗುಟುಕು ಇಳಿಯುವವರೆಗೆ ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು.

“ಈಗ ಹೇಳು. ಅವ್ವ ಯಾರನ್ನ ಎತ್ಕೊಂಡಿದ್ದು?”

“ನಮ್ಮಪ್ಪನ್ನ” ಎಂದೆ.

ಅತ್ತೆ ಉದ್ದಕ್ಕೆ ಉಸಿರು ಬಿಟ್ಟಳು. “ಎವುರು ಚೆಪ್ಪಿಂದಿ?” ಎಂದು ಗದರಿಸಿದಳು. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.